ಹಳೇ ಆಲ್-ಇನ್-ಒನ್ ಕಂಪ್ಯೂಟರನ್ನು ಎರಡನೇ ಸ್ಕ್ರೀನ್ ಮಾಡಿಕೊಂಡಿದ್ದು

ನಾನು ಡಿಟಿಪಿ ಕೆಲಸ ಮಾಡುವವನು. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗಾಗ ಒಂದು ಕವನ ಸಂಕಲನ. ಪುಟ ಕಟ್ಟುವುದೆಲ್ಲ ಲ್ಯಾಪ್‌ಟಾಪಿನಲ್ಲಿ. ಅದರ ಸ್ಕ್ರೀನಿನಲ್ಲಿ ಅರ್ಧಕ್ಕೆ ಪುಟ, ಅರ್ಧಕ್ಕೆ ಪ್ರೂಫ್ ಇಟ್ಟುಕೊಂಡರೆ ಎರಡೂ ಓದಲು ಬಾರದಷ್ಟು ಚಿಕ್ಕದಾಗುತ್ತವೆ. ಮೂಲೆಯಲ್ಲಿ ಒಂದು ಹಳೇ ಆಲ್-ಇನ್-ಒನ್, ಅಂದರೆ ಸ್ಕ್ರೀನಿನೊಳಗೇ ಕಂಪ್ಯೂಟರ್ ಇರುವಂಥದ್ದು, ಸುಮ್ನೆ ಕೂತಿತ್ತು. ಎರಡನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 20 ಇಂಚಿನ 1600×900 ಸ್ಕ್ರೀನ್. ಕೊಟ್ಟರೆ ಗುಜರಿಯವನೂ ಚೌಕಾಸಿ ಮಾಡುವಂಥದ್ದು, ಆದರೆ ಸ್ಕ್ರೀನ್ ಮಾತ್ರ ಇನ್ನೂ ಸ್ವಚ್ಛ. ಅದನ್ನೇ ಎರಡನೇ ಸ್ಕ್ರೀನ್ ಮಾಡಿಕೊಂಡರಾಯಿತು ಅಂದುಕೊಂಡೆ.

ನಿಮ್ಮ ಡೆಸ್ಕ್‌ಟಾಪಿನ ಮಾನಿಟರ್ ಸಿಪಿಯುನಿಂದ ಬೇರೆಯಾಗಿದ್ದರೆ ಮುಂದಿನದೆಲ್ಲ ಬೇಕಿಲ್ಲ. ಮಾನಿಟರಿನ ಕೇಬಲ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ. ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಅಡಾಪ್ಟರ್ ಸಾಕು. ಇದು ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ, ಅಂಗಡಿಯಲ್ಲಿ ಉಲ್ಟಾ ದಿಕ್ಕಿನದು ಕೊಟ್ಟರೆ ಬಿಲ್‌ಕುಲ್ ಆಗುವುದಿಲ್ಲ.

ಆಲ್-ಇನ್-ಒನ್ ಕಥೆ ಬೇರೆ. ನನ್ನದರ ಬೆನ್ನಲ್ಲಿ ಎಚ್‌ಡಿಎಂಐ ಪೋರ್ಟ್ ಇದೆ. ರಿಪೇರಿ ಅಂಗಡಿಯ ಹುಡುಗ ನೋಡಿದವನೇ, "ಸಾರ್, ಇದು ಕಳಿಸೋ ಪೋರ್ಟು, ತಗೊಳ್ಳೋದಲ್ಲ" ಅಂದ. ಹೆಚ್ಚಿನ ಆಲ್-ಇನ್-ಒನ್‌ಗಳಲ್ಲೂ ಹೀಗೇ. ಕೆಲವು ಮಾಡೆಲ್‌ಗಳಲ್ಲಿ ಮಾತ್ರ 'ಎಚ್‌ಡಿಎಂಐ ಇನ್' ಅಂತ ಬರೆದ ಇನ್ನೊಂದು ಪೋರ್ಟ್ ಇರುತ್ತದೆ, ಅದಿದ್ದರೆ ನಿಮ್ಮ ಅದೃಷ್ಟ. 2009ರ ಕೊನೆಯಿಂದ 2014ರ ಮಧ್ಯದವರೆಗಿನ ಹಲವು ಐಮ್ಯಾಕ್‌ಗಳಿಗೆ (ಆಪಲ್‌ನ ಆಲ್-ಇನ್-ಒನ್) 'ಟಾರ್ಗೆಟ್ ಡಿಸ್‌ಪ್ಲೇ ಮೋಡ್' ಇತ್ತು. ಕೇಬಲ್ ಹಾಕಿ ಕಮಾಂಡ್ ಮತ್ತು ಎಫ್2 ಒತ್ತಿದರೆ ಅದು ಬರೀ ಮಾನಿಟರ್ ಆಗುತ್ತಿತ್ತು. 5ಕೆ ಸ್ಕ್ರೀನ್ ಬಂದಮೇಲೆ ಅದನ್ನೂ ತೆಗೆದರು.

ಕೇಬಲ್ ದಾರಿ ಮುಚ್ಚಿತು ಅಂದಮೇಲೆ ಉಳಿದದ್ದು ನೆಟ್‌ವರ್ಕ್. ವಿಂಡೋಸ್ 10ರಲ್ಲಿ 'ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ' ಅನ್ನುವ ಸೌಲಭ್ಯ ಇದೆ. '2004' ಅನ್ನುವ ಆವೃತ್ತಿಯಿಂದೀಚೆಗೆ (ಇದು ಇಸವಿಯಲ್ಲ, ಆವೃತ್ತಿಯ ನಂಬರ್) ಅದು ತಾನಾಗಿ ಬರುವುದಿಲ್ಲ, 'ಆಪ್ಷನಲ್ ಫೀಚರ್ಸ್'ಗೆ ಹೋಗಿ 'ವೈರ್‌ಲೆಸ್ ಡಿಸ್‌ಪ್ಲೇ' ಹಾಕಿಕೊಳ್ಳಬೇಕು. ಹಾಕಿದೆ. ಈ ಯಂತ್ರಕ್ಕೆ ಮಿರಾಕಾಸ್ಟ್ (ತಂತಿಯಿಲ್ಲದೆ ಸ್ಕ್ರೀನಿನ ಚಿತ್ರ ಕಳಿಸುವ ಪದ್ಧತಿ) ಬರುವುದಿಲ್ಲ ಅಂತ ಅಲ್ಲೇ ಹೇಳಿಬಿಟ್ಟಿತು. ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್' ಕೊಟ್ಟರೆ ಕೊನೆಯಲ್ಲಿ 'ವೈರ್‌ಲೆಸ್ ಡಿಸ್‌ಪ್ಲೇ ಸಪೋರ್ಟೆಡ್' ಅನ್ನುವ ಸಾಲು ಬರುತ್ತದೆ. ಗ್ರಾಫಿಕ್ಸ್ ಡ್ರೈವರ್, ವೈ-ಫೈ ಡ್ರೈವರ್ ಎರಡರ ಮುಂದೆಯೂ 'ಯೆಸ್' ಇರಬೇಕು. ಇಲ್ಲಿ 'ನೋ' ಕಂಡರೆ ಆ ದಾರಿ ಬಿಟ್ಟುಬಿಡಿ. ಆ ಕಾಲದ ಚಿಪ್‌ಗೆ ಹೊಸ ಡ್ರೈವರ್ ಹುಡುಕುತ್ತಾ ಕೂರುವುದು ದಂಡ.

ಆಮೇಲೆ ಸ್ಪೇಸ್‌ಡೆಸ್ಕ್ ಅನ್ನುವ ಪ್ರೋಗ್ರಾಮ್. ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರ್, ಹಳೇ ಕಂಪ್ಯೂಟರಿನಲ್ಲಿ ಅದರ ವ್ಯೂವರ್. ಲ್ಯಾಪ್‌ಟಾಪಿಗೆ ಇನ್ನೊಂದು ಮಾನಿಟರ್ ಇದೆ ಅಂತ ವಿಂಡೋಸ್ ನಂಬುತ್ತದೆ, ಆ ಚಿತ್ರ ನೆಟ್‌ವರ್ಕಿನಲ್ಲಿ ಬರುತ್ತದೆ. ಹಾಕುವುದು ಸುಲಭ. ಆದರೆ ವ್ಯೂವರ್‌ನಲ್ಲಿ ಲ್ಯಾಪ್‌ಟಾಪೇ ಕಾಣಿಸಲಿಲ್ಲ.

ಇಂಥಲ್ಲಿ ಎಲ್ಲರೂ ಮೊದಲು ಪಿಂಗ್ ಮಾಡುತ್ತಾರೆ, ಅಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತದಾ ಅಂತ ಒಂದು ಕೂಗು ಹಾಕುತ್ತಾರೆ. ಪಿಂಗ್ ಬರಲಿಲ್ಲ ಅಂತ ಕೇಬಲ್ಲು, ರೌಟರು ಎಲ್ಲ ಬಿಚ್ಚುತ್ತಾರೆ. ನೆಟ್‌ವರ್ಕ್ 'ಪಬ್ಲಿಕ್' ಅಂತ ಇದ್ದರೆ ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಪಿಂಗಿಗೆ ಉತ್ತರವನ್ನೇ ಕೊಡುವುದಿಲ್ಲ, ದಾರಿ ಸರಿಯಿದ್ದರೂ. ಸ್ಪೇಸ್‌ಡೆಸ್ಕ್ ಬಳಸುವುದು ಟಿಸಿಪಿ 28252ನೇ ಪೋರ್ಟ್. ಇದು ಕೇಬಲ್ ಹಾಕುವ ಪೋರ್ಟ್ ಅಲ್ಲ, ನೆಟ್‌ವರ್ಕಿನಲ್ಲಿ ಪ್ರೋಗ್ರಾಮಿನ ಬಾಗಿಲಿನ ನಂಬರ್. ಹಳೇ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಬರೆದು, ಲ್ಯಾಪ್‌ಟಾಪಿನ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಮತ್ತು ಆ ಪೋರ್ಟ್ ನಂಬರ್ ಕೊಟ್ಟು ನೋಡಿದೆ. 'ಫಾಲ್ಸ್' ಬಂತು. ಲ್ಯಾಪ್‌ಟಾಪಿನ ವೈ-ಫೈ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕನ್ನು 'ಪ್ರೈವೇಟ್' ಮಾಡಿ, ಫೈರ್‌ವಾಲ್ ಪಟ್ಟಿಯಲ್ಲಿ ಸ್ಪೇಸ್‌ಡೆಸ್ಕ್ ಮುಂದೆ ಟಿಕ್ ಹಾಕಿದೆ. 'ಟ್ರೂ' ಬಂತು, ಸ್ಕ್ರೀನೂ ಬಂತು. ನಿಮಗೆ ಆಗಲೂ 'ಫಾಲ್ಸ್' ಬಂದರೆ ಎರಡೂ ಯಂತ್ರ ಒಂದೇ ವೈ-ಫೈನಲ್ಲಿವೆಯಾ ನೋಡಿ. ಒಂದು ಗೆಸ್ಟ್ ವೈ-ಫೈಗೆ ಸೇರಿಕೊಂಡಿದ್ದರೆ ರೌಟರೇ ಎರಡನ್ನೂ ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ.

ಸ್ಕ್ರೀನ್ ಬಂತು ನಿಜ, ಆದರೆ ಮೌಸ್ ಎಳೆದರೆ ಬಾಣ ಹಿಂದೆ ಹಿಂದೆ ತೆವಳಿಕೊಂಡು ಬರುತ್ತಿತ್ತು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 1600×900 ಅಂದರೆ 14.4 ಲಕ್ಷ ಚುಕ್ಕಿ. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ 2 ಗಿಗಾಬಿಟ್ ದಾಟುತ್ತದೆ. ಅಷ್ಟನ್ನು ಹಿಂಡಿ ಚಿಕ್ಕದು ಮಾಡಿ ಕಳಿಸಬೇಕು, ಆ ಕಡೆ ಮುದಿ ಐ3 ಅದನ್ನು ಬಿಡಿಸಿ ತೋರಿಸಬೇಕು. ಸಾಲದ್ದಕ್ಕೆ ವೈ-ಫೈನಲ್ಲಿ ಅದೇ ಡೇಟಾ ಎರಡು ಸಲ ಗಾಳಿಯಲ್ಲಿ ಹೋಗುತ್ತದೆ, ಲ್ಯಾಪ್‌ಟಾಪಿನಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಡೆಸ್ಕ್‌ಟಾಪಿಗೆ ಇನ್ನೊಮ್ಮೆ.

ಹಾಗಾಗಿ ರೌಟರನ್ನೇ ನಡುವಿನಿಂದ ತೆಗೆದೆ. ಲ್ಯಾಪ್‌ಟಾಪಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿ, ಅಲ್ಲಿಂದ ಮಾಮೂಲಿ ಲ್ಯಾನ್ ಕೇಬಲನ್ನು ನೇರವಾಗಿ ಹಳೇ ಕಂಪ್ಯೂಟರಿಗೆ ಎಳೆದೆ. ಗಿಗಾಬಿಟ್ ಪೋರ್ಟ್‌ಗಳಿದ್ದರೆ ಒಳಗಿನ ತಂತಿ ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಿಲ್ಲ. ಐಪಿ ಕೈಯಾರೆ ಕೊಡಬೇಕು, ಇಲ್ಲದಿದ್ದರೆ ಎರಡೂ 169.254ರಿಂದ ಶುರುವಾಗುವ ವಿಳಾಸ ಹಾಕಿಕೊಳ್ಳುತ್ತವೆ. ಅದರಲ್ಲೂ ಕೆಲಸ ಆಗುತ್ತದೆ, ಆದರೆ ನಂಬರ್ ನೆನಪಿಡಲು ಕಷ್ಟ. ಲ್ಯಾಪ್‌ಟಾಪಿಗೆ 192.168.50.1, ಹಳೆಯದಕ್ಕೆ 192.168.50.2, ಸಬ್‌ನೆಟ್ ಮಾಸ್ಕ್ 255.255.255.0 ಕೊಟ್ಟೆ. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲಿನ ವಿಳಾಸ, ಅದರ ಜಾಗ ಖಾಲಿ. ಅಲ್ಲಿ ಏನಾದರೂ ತುಂಬಿದರೆ ಲ್ಯಾಪ್‌ಟಾಪ್ ಇಂಟರ್‌ನೆಟ್ಟನ್ನು ಈ ಕೇಬಲ್‌ನಲ್ಲಿ ಹುಡುಕಲು ಹೋಗಬಹುದು. ರೌಟರ್ ಕೊಡುವ ಸಾಲಿನ ನಂಬರ್ ಇಲ್ಲಿ ಬಳಸಬೇಡಿ, ಗೊಂದಲವಾಗುತ್ತದೆ.

ಗೇಟ್‌ವೇ ಇಲ್ಲದ ನೆಟ್‌ವರ್ಕನ್ನು ವಿಂಡೋಸ್ 'ಅನ್‌ಐಡೆಂಟಿಫೈಡ್' ಅನ್ನುತ್ತದೆ, ಕೂಡಲೇ 'ಪಬ್ಲಿಕ್' ಮಾಡುತ್ತದೆ. ಮತ್ತೆ ಅದೇ ಫೈರ್‌ವಾಲ್ ರಗಳೆ. ಪ್ರೊ ಆವೃತ್ತಿಯಲ್ಲಿ 'ಲೋಕಲ್ ಸೆಕ್ಯೂರಿಟಿ ಪಾಲಿಸಿ' ತೆರೆದು, 'ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್' ಒಳಗೆ ಅನ್‌ಐಡೆಂಟಿಫೈಡ್ ನೆಟ್‌ವರ್ಕ್‌ಗಳನ್ನು 'ಪ್ರೈವೇಟ್' ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಅದು ಇಲ್ಲ. ಅಲ್ಲಿ ಫೈರ್‌ವಾಲ್ ಪಟ್ಟಿಯಲ್ಲಿ ಆ ಪ್ರೋಗ್ರಾಮಿಗೆ ಪಬ್ಲಿಕ್ ಕಾಲಮ್ಮಿನಲ್ಲೂ ಟಿಕ್ ಹಾಕಬೇಕು. ಈ ನೇರ ಕೇಬಲ್‌ನಲ್ಲಿ ಇನ್ನೊಂದು ಲಾಭ ಇದೆ. ಈ ಐ3ಗೆ ವಿಂಡೋಸ್ 11 ಹತ್ತುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯದರ ವೈ-ಫೈ ಆಫ್ ಮಾಡಿ ಬರೀ ಈ ಕೇಬಲ್ ಬಿಟ್ಟರೆ ಅದು ಇಂಟರ್‌ನೆಟ್ ಮುಖವನ್ನೇ ನೋಡುವುದಿಲ್ಲ.

ತೆವಳುವುದು ನಿಂತಿತು. ಈಗ ಅಕ್ಷರ. ವ್ಯೂವರ್ ರೆಸಲ್ಯೂಶನ್ 1600×900ಕ್ಕೇ ಇಟ್ಟು, ಸ್ಕೇಲ್ 100 ಮಾಡಿ, ಗುಣಮಟ್ಟ ಪೂರ್ತಿ ಏರಿಸಿದರೂ ಸಣ್ಣಕ್ಷರ ಮಸುಕು. ಇಂಗ್ಲಿಷ್ ಓದುವವರಿಗೆ ಇದು ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಕನ್ನಡದಲ್ಲಿ 'ರಾಷ್ಟ್ರ' ಬರೆದು ನೋಡಿ. ಷ ಕೆಳಗೆ ಟ ಒತ್ತು, ಅದರ ಪಕ್ಕಕ್ಕೆ ರ ಒತ್ತು. ಪ್ರೂಫ್ ಸೈಜಿನಲ್ಲಿ ಅವೆರಡೂ ಕೂಡಿ ಒಂದು ಬೂದು ಕಲೆ ಆಗುತ್ತಿದ್ದವು. ಒತ್ತು ಬಿಟ್ಟಿದೆಯೋ ಇದೆಯೋ ಅಂತ ನೋಡುವುದೇ ನನ್ನ ಕೆಲಸ, ಅದೇ ಕಾಣದಿದ್ದರೆ ಎರಡನೇ ಸ್ಕ್ರೀನ್ ಯಾಕೆ? ಚಿತ್ರವನ್ನು ಹಿಂಡಿ ಕಳಿಸುವಾಗ ಬಣ್ಣದ ಅಂಚುಗಳ ವಿವರ ಮೊದಲು ಹೋಗುತ್ತದೆ. ಕೆಂಪು ಬಣ್ಣದಲ್ಲಿ ಗುರುತು ಮಾಡಿದ ತಿದ್ದುಪಡಿಗಳಂತೂ ಇನ್ನೂ ಕೆಟ್ಟದಾಗಿ ಕಾಣುತ್ತಿದ್ದವು.

ಅಷ್ಟೊತ್ತಿಗೆ ಹೊಳೆದದ್ದು: ಚಿತ್ರ ಕಳಿಸುವುದೇ ಯಾಕೆ? ಆ ಕಡೆ ಇರುವುದು ಬರೀ ಸ್ಕ್ರೀನ್ ಅಲ್ಲ, ಒಂದು ಇಡೀ ಕಂಪ್ಯೂಟರ್ ಅಲ್ವಾ? ಪಿಡಿಎಫ್ ಅಲ್ಲೇ ತೆರೆದರೆ ಅಕ್ಷರ ಅಲ್ಲೇ ಮೂಡುತ್ತದೆ, ಹಿಂಡುವ ಮಾತೇ ಇಲ್ಲ. ನನಗೆ ಬೇಕಿರುವುದು ಒಂದೇ ಮೌಸ್ ಎರಡೂ ಕಡೆ ಓಡಾಡುವುದು.

ಅದಕ್ಕೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿ 'ಮೌಸ್ ವಿದೌಟ್ ಬಾರ್ಡರ್ಸ್' ಇದೆ, ಪುಕ್ಕಟೆ. ಎರಡೂ ಕಡೆ ಹಾಕಿ, ಒಂದರಲ್ಲಿ ಹುಟ್ಟಿದ ಸೆಕ್ಯೂರಿಟಿ ಕೀಯನ್ನೂ (ಪಾಸ್‌ವರ್ಡಿನಂಥದ್ದು) ಆ ಕಂಪ್ಯೂಟರಿನ ಹೆಸರನ್ನೂ ಇನ್ನೊಂದರಲ್ಲಿ ಬರೆದರೆ ಆಯಿತು. ನೇರ ಕೇಬಲ್‌ನಲ್ಲಿ ಕೆಲವೊಮ್ಮೆ ಕಂಪ್ಯೂಟರಿನ ಹೆಸರಿನಿಂದ ಅದು ಸಿಗುವುದಿಲ್ಲ. ಸೆಟ್ಟಿಂಗ್‌ನಲ್ಲಿ 'ಐಪಿ ಅಡ್ರೆಸ್ ಮ್ಯಾಪಿಂಗ್' ಜಾಗದಲ್ಲಿ ಹೆಸರು, ಪಕ್ಕದಲ್ಲಿ ಐಪಿ ಬರೆದರೆ ಸಿಗುತ್ತದೆ. ಫೈರ್‌ವಾಲ್‌ನಲ್ಲಿ ಇದಕ್ಕೆ 15100, 15101 ಪೋರ್ಟ್ ತೆರೆದಿರಬೇಕು.

ಪಿಡಿಎಫ್‌ಗೆ ಸುಮಾತ್ರಾ ಪಿಡಿಎಫ್ ಹಾಕಿದೆ. 4 ಜಿಬಿ ಯಂತ್ರಕ್ಕೆ ಹಗುರ, ಫೈಲ್ ಬದಲಾದರೆ ತಾನೇ ಮತ್ತೆ ತೋರಿಸುತ್ತದೆ, ಫೈಲನ್ನು ಹಿಡಿದುಕೊಂಡು ಕೂರುವುದಿಲ್ಲ. ಶೇರ್ ಮಾಡಿದ ಫೋಲ್ಡರ್ ಹಳೇ ಕಂಪ್ಯೂಟರಿನ ಡಿಸ್ಕಿನಲ್ಲೇ ಇರಲಿ. ಲ್ಯಾಪ್‌ಟಾಪಿನಿಂದ ಅದರೊಳಗೆ ಎಕ್ಸ್‌ಪೋರ್ಟ್ ಕೊಟ್ಟರೆ, ಪಕ್ಕದ ಸ್ಕ್ರೀನಿನಲ್ಲಿ ಅದೇ ಪುಟ ಹೊಸದಾಗಿ ಬಂದು ನಿಲ್ಲುತ್ತದೆ. 'ರಾಷ್ಟ್ರ'ದ ಎರಡೂ ಒತ್ತು ಬೇರೆ ಬೇರೆಯಾಗಿ ಕಾಣುತ್ತವೆ.

ಸ್ಪೇಸ್‌ಡೆಸ್ಕನ್ನು ಬಿಟ್ಟಿಲ್ಲ. ಬಣ್ಣದ, ಸ್ಟೈಲಿನ ಪ್ಯಾನೆಲ್‌ಗಳನ್ನು ಆ ಕಡೆ ಹಾಕಿ ಪುಟಕ್ಕೆ ಪೂರ್ತಿ ಜಾಗ ಮಾಡಿಕೊಳ್ಳಬೇಕಾದಾಗ ಅದೇ ಬೇಕು, ಅಲ್ಲಿ ಸ್ವಲ್ಪ ಮಸುಕಾದರೆ ನಡೆಯುತ್ತದೆ. ಒಂದೇ ತೊಂದರೆ: ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ, ಆ ಸ್ಕ್ರೀನ್ ಹೋಗುತ್ತದೆ. ವಿಂಡೋಗಳು ಸಾಮಾನ್ಯವಾಗಿ ತಾವೇ ಈ ಕಡೆ ಬರುತ್ತವೆ, ಆದರೆ ಕೆಲವು ಇಲ್ಲದ ಸ್ಕ್ರೀನಿನಲ್ಲೇ ಉಳಿದುಬಿಡುತ್ತವೆ. ಟಾಸ್ಕ್‌ಬಾರಿನಲ್ಲಿ ಅಂಥದ್ದನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಆಮೇಲೆ ಎಂ, ಆಮೇಲೆ ಯಾವುದಾದರೂ ಬಾಣದ ಕೀ. ಮೌಸ್ ಅಲ್ಲಾಡಿಸಿದರೆ ವಿಂಡೋ ಕರ್ಸರಿಗೆ ಅಂಟಿಕೊಂಡು ಈಚೆಗೆ ಬರುತ್ತದೆ.