ಯುದ್ಧನೌಕೆಯ ಕಿಟ್ ಕೊಳ್ಳುವ ಮುನ್ನ: ಕಡಲಿಲ್ಲದ ಊರಿನವರಿಗೆ ಕೆಲವು ಸೂಚನೆಗಳು

ಹುಬ್ಬಳ್ಳಿಯವರು ಕಡಲು ಕಾಣಬೇಕಾದರೆ ಅರಬೈಲು ಘಟ್ಟ ಇಳಿಯಬೇಕು; ಯುದ್ಧನೌಕೆಯ ಮಾದರಿ ಕಿಟ್ ಕಾಣಬೇಕಾದರೆ ಅದಕ್ಕಿಂತಲೂ ದೂರ ಹುಡುಕಬೇಕು. ಕೊಪ್ಪಿಕರ ರಸ್ತೆ, ದುರ್ಗದಬೈಲು, ಧಾರವಾಡದ ಸುಭಾಸ ರಸ್ತೆಗಳ ಆಟಿಕೆ ಅಂಗಡಿಗಳಲ್ಲಿ ನಾನು ಹಲವು ವರ್ಷ ವಿಚಾರಿಸಿದ್ದೇನೆ. ಬ್ಯಾಟರಿಯಿಂದ ಓಡುವ ದೋಣಿ ಸಿಕ್ಕಿದೆ, ಅಪರೂಪಕ್ಕೊಮ್ಮೆ ವಿಮಾನದ ಕಿಟ್ ಸಿಕ್ಕಿದೆ, ಹಡಗಿನದು ಸಿಕ್ಕಿಲ್ಲ. ಹೀಗಾಗಿ ನಮ್ಮ ಭಾಗದ ಹವ್ಯಾಸಿಗಳು ಪೆಟ್ಟಿಗೆಯ ಮೇಲಿನ ಚಿತ್ರವನ್ನಷ್ಟೇ ನೋಡಿ, ವಸ್ತುವನ್ನು ಕೈಯಲ್ಲಿ ಹಿಡಿಯದೆಯೇ ಹಣ ಕಳುಹಿಸಬೇಕಾಗುತ್ತದೆ. ಚಿತ್ರ ಬರೆದವರು ಅಲೆ, ಹೊಗೆ, ಬೆಂಕಿ ಎಲ್ಲವನ್ನೂ ಸೊಗಸಾಗಿ ಬರೆದಿರುತ್ತಾರೆ. ಒಳಗಿನ ಪ್ಲಾಸ್ಟಿಕ್ಕಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದೇನೂ ಇಲ್ಲ.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಹಡಗು ಎಂಬುದನ್ನಷ್ಟೇ ಅಲ್ಲ, ಆ ಹಡಗಿನ ಯಾವ ಕಾಲದ ರೂಪ ಎಂಬುದನ್ನು. ಯುದ್ಧಕಾಲದಲ್ಲಿ ಹಡಗುಗಳು ದುರಸ್ತಿಗೆ ಹೋದಾಗಲೆಲ್ಲ ರೂಪ ಬದಲಿಸಿಕೊಂಡು ಬರುತ್ತಿದ್ದವು. ಜಪಾನಿನ ಯಮಾಟೊ ನೌಕೆಗೆ ಮೊದಲು 15.5 ಸೆಂ.ಮೀ. ಫಿರಂಗಿಗಳ ನಾಲ್ಕು ಗೋಪುರಗಳಿದ್ದವು. 1944ರಲ್ಲಿ ಎರಡೂ ಪಕ್ಕದ ಗೋಪುರಗಳನ್ನು ತೆಗೆದು ಆ ಜಾಗದಲ್ಲಿ ವಿಮಾನ ನಿರೋಧಕ ಫಿರಂಗಿಗಳನ್ನು ಕೂರಿಸಲಾಯಿತು. 1945ರ ಏಪ್ರಿಲ್ 7ರಂದು ಮುಳುಗಿದ ಯಮಾಟೊ ನಿಮಗೆ ಬೇಕಿದ್ದರೆ, ನಾಲ್ಕು ಗೋಪುರಗಳಿರುವ ಕಿಟ್ ಎಷ್ಟೇ ಅಗ್ಗವಾದರೂ ಅದು ನಿಮ್ಮ ಹಡಗಲ್ಲ. ಜರ್ಮನಿಯ ಬಿಸ್ಮಾರ್ಕ್ ನೌಕೆಯ ವಿಷಯದಲ್ಲಿ ಬದಲಾಗುವುದು ಬಣ್ಣ: ಅದರ ಒಡಲಿನ ಮೇಲಿದ್ದ ಕಪ್ಪು-ಬಿಳುಪು ಪಟ್ಟೆಗಳ ಮೇಲೆ 1941ರ ಮೇ ತಿಂಗಳಲ್ಲಿ ಅಟ್ಲಾಂಟಿಕ್‌ಗೆ ನುಗ್ಗುವ ಮೊದಲೇ ಬೂದು ಬಣ್ಣ ಬಳಿಯಲಾಗಿತ್ತು. ಪಟ್ಟೆಗಳು ನೋಡಲು ಚೆಂದವೆಂದು ಬಳಿದು, ಕೆಳಗೆ ಕೊನೆಯ ಕದನದ ದಿನಾಂಕವಿರುವ ಫಲಕ ಅಂಟಿಸಿದರೆ ಬಲ್ಲವರ ಮುಂದೆ ಮುಜುಗರವಾಗುತ್ತದೆ.

ಇದಕ್ಕೆ ನಮ್ಮ ಹತ್ತಿರದ ಉದಾಹರಣೆಯೂ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಾಪಲ್, ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಓಸಾ ವರ್ಗದ ಕ್ಷಿಪಣಿ ದೋಣಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ನಡೆಸಿದ ನಿಪಾತ್, ನಿರ್ಘಾತ್, ವೀರ್ ದೋಣಿಗಳೂ ಓಸಾಗಳೇ. ಆದರೆ ಅವು ಮೊದಲ ಮಾದರಿಯವು, ಅವುಗಳ ಕ್ಷಿಪಣಿ ಗೂಡುಗಳು ಪೆಟ್ಟಿಗೆಯ ಆಕಾರದವು. 1976ರಲ್ಲಿ ನೌಕಾಪಡೆ ಸೇರಿದ ಚಾಪಲ್ ಎರಡನೆಯ ಮಾದರಿಯದು, ಅದರ ಗೂಡುಗಳು ದುಂಡನೆಯ ಕೊಳವೆಗಳು. ಕಾರವಾರದಲ್ಲಿ ತೆಗೆದ ಫೋಟೊ ಇಟ್ಟುಕೊಂಡು ಕರಾಚಿ ದಾಳಿಯ ದೋಣಿ ಕಟ್ಟಲು ಹೊರಟವರನ್ನು ನಾನು ಬಲ್ಲೆ. ಓಸಾ ಕಿಟ್ ಹುಡುಕುವವರು ಪೆಟ್ಟಿಗೆಯ ಮೇಲೆ ಒಂದು ಎಂದಿದೆಯೋ ಎರಡು ಎಂದಿದೆಯೋ ಎಂಬುದನ್ನು ಮೊದಲು ಓದಬೇಕು.

ಎರಡನೆಯ ತೀರ್ಮಾನ ಅಳತೆಯದು, ಅಂದರೆ ಮಾದರಿ ನಿಜವಾದ ಹಡಗಿಗಿಂತ ಎಷ್ಟು ಪಟ್ಟು ಚಿಕ್ಕದು ಎಂಬುದರದು. ಹಡಗಿನ ನಿಜವಾದ ಉದ್ದವನ್ನು ಸೆಂಟಿಮೀಟರಿಗೆ ತಂದು 700ರಿಂದ ಅಥವಾ 350ರಿಂದ ಭಾಗಿಸಿದರೆ ಮಾದರಿಯ ಉದ್ದ ಸಿಗುತ್ತದೆ. 263 ಮೀಟರ್ ಉದ್ದದ ಯಮಾಟೊ 1/700 ಅಳತೆಯಲ್ಲಿ ಸುಮಾರು 37.5 ಸೆಂ.ಮೀ., 1/350ರಲ್ಲಿ 75 ಸೆಂ.ಮೀ. ಆಗುತ್ತದೆ. ಈ ಸಣ್ಣ ಲೆಕ್ಕ ಮಾಡದೆ ನಾನು 1/350ರ ಯಮಾಟೊ ತರಿಸಿ, ಮನೆಯ ಗೋಡೆಗೂಡಿನ ಅಗಲ ಎರಡು ಅಡಿಯೂ ಇಲ್ಲವೆಂದು ಆಮೇಲೆ ಕಂಡುಕೊಂಡೆ. ಆ ಪೆಟ್ಟಿಗೆ ಎರಡು ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆಯಿತು. ಉದ್ದದ ಜೊತೆಗೆ ಕೂವೆಯ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ನಮ್ಮಲ್ಲಿ ಮಾದರಿಯನ್ನು ಗಾಜಿನ ಪೆಟ್ಟಿಗೆಯಿಲ್ಲದೆ ಇಡುವಂತಿಲ್ಲ. ಬೇಸಿಗೆಯಲ್ಲಿ ಏಳುವ ದೂಳು ಎಳೆದು ಕಟ್ಟಿದ ದಾರಗಳ ಮೇಲೆ ಒಂದು ವಾರದಲ್ಲಿ ಕುಳಿತುಬಿಡುತ್ತದೆ, ಒರೆಸಲು ಹೋದರೆ ಕೂವೆಯೇ ಮುರಿಯುತ್ತದೆ.

ಒಮ್ಮೆ ಆರಿಸಿದ ಅಳತೆಗೆ ಅಂಟಿಕೊಳ್ಳುವುದು ಒಳ್ಳೆಯದು. ನಮ್ಮ ರಾಜ್ಯದ ಹಳೆಯ ಹೆಸರನ್ನು ಹೊತ್ತಿದ್ದ ಐಎನ್‌ಎಸ್ ಮೈಸೂರು ಮೂಲತಃ ಬ್ರಿಟನ್ನಿನ ನೈಜೀರಿಯಾ ಎಂಬ ಕ್ರೂಸರ್. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸಾಮಗ್ರಿ ಸಾಗಿಸುವ ಹಡಗುಗಳ ಕಾವಲಿಗೆ ಹೋಗಿದ್ದಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ತಿಂದು ಬದುಕುಳಿದು, 1957ರಲ್ಲಿ ಭಾರತದ ನೌಕಾಪಡೆಗೆ ಬಂದಿತು. ಮಾಲ್ಟಾದ ದಾರಿಯಲ್ಲಿದ್ದಾಗ ಅದಕ್ಕೆ ಮುಖ್ಯ ಫಿರಂಗಿಗಳ ನಾಲ್ಕು ಗೋಪುರಗಳಿದ್ದವು, ಮೈಸೂರು ಆಗಿ ಬಂದಾಗ ಮೂರು. ಅದರ ಉದ್ದ 169 ಮೀಟರ್. ಏರ್‌ಫಿಕ್ಸ್ ಕಂಪನಿಯ 1/600 ಕಿಟ್‌ನಲ್ಲಿ ದೊರೆಯುವ ಏಜಾಕ್ಸ್ ಕ್ರೂಸರಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಏಜಾಕ್ಸ್ 28 ಸೆಂ.ಮೀ. ಇದ್ದರೆ, 1/700ರಲ್ಲಿ ಕಟ್ಟಿದ ಮೈಸೂರು 24 ಸೆಂ.ಮೀ. ಮಾತ್ರ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಮನಾದ ಹಡಗುಗಳು ದೊಡ್ಡಣ್ಣ-ಚಿಕ್ಕತಮ್ಮರಂತೆ ಕಾಣುತ್ತವೆ. ಏಜಾಕ್ಸ್ ಭಾರತೀಯರಿಗೆ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ: 1939ರ ಡಿಸೆಂಬರ್ 13ರ ರಿವರ್ ಪ್ಲೇಟ್ ಕದನದಲ್ಲಿ ಅದರ ಜೊತೆ ಹೋರಾಡಿದ, ಅದೇ ವರ್ಗದ ಅಕಿಲೀಸ್ 1948ರಲ್ಲಿ ನಮ್ಮ ದೆಹಲಿ ನೌಕೆಯಾಯಿತು. ಒಂದೇ ವರ್ಗದವೆಂದ ಮಾತ್ರಕ್ಕೆ ಒಂದು ಇನ್ನೊಂದರ ಪಡಿಯಚ್ಚಲ್ಲ; ಏಜಾಕ್ಸ್ ಕಿಟ್‌ನಿಂದ ದೆಹಲಿ ಕಟ್ಟಲು ಬಯಸುವವರು ಫೋಟೊಗಳನ್ನು ಹೋಲಿಸಿ, ಕೆಲವು ಭಾಗಗಳನ್ನು ತಾವೇ ಕೆತ್ತಿಕೊಳ್ಳಲು ಸಿದ್ಧರಿರಬೇಕು.

ನನ್ನ ಒಲವು 1/700ರ ಕಡೆಗೆ. 1971ರಲ್ಲಿ ಜಪಾನಿನ ಶಿಜುವೊಕಾದ ತಮಿಯಾ, ಹಸೆಗಾವಾ, ಅವೊಶಿಮಾ, ಫುಜಿಮಿ ಕಂಪನಿಗಳು ಹಡಗುಗಳನ್ನು ತಮ್ಮೊಳಗೆ ಹಂಚಿಕೊಂಡು ಈ ಅಳತೆಯಲ್ಲಿ ಸರಣಿ ಆರಂಭಿಸಿದ್ದರಿಂದ ಇದರಲ್ಲಿ ಆಯ್ಕೆ ವಿಪುಲವಾಗಿದೆ. ಆ ಸರಣಿಯ ಹಡಗುಗಳಿಗೆ ನೀರಿನ ಮಟ್ಟದಿಂದ ಕೆಳಗಿನ ಒಡಲು ಇರುವುದಿಲ್ಲ. ಕಡಲಿನ ಮೇಲೆ ತೇಲುತ್ತಿರುವಂತೆ ತೋರಿಸಲು ಇದು ಅನುಕೂಲ, ಆದರೆ ಪೀಠದ ಮೇಲೆ ಪೂರ್ತಿ ಹಡಗನ್ನು ನಿಲ್ಲಿಸಬೇಕೆನ್ನುವವರಿಗೆ ನಿರಾಸೆಯಾಗುತ್ತದೆ. ವಿವರಣೆಯಲ್ಲಿ ಪೂರ್ಣ ಒಡಲೋ, ನೀರಿನ ಮಟ್ಟದವರೆಗೆ ಮಾತ್ರವೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಈ ಅಳತೆಯಲ್ಲಿ ನಾವಿಕನೊಬ್ಬ ಎಳ್ಳಿನ ಕಾಳಿನಷ್ಟಿರುತ್ತಾನೆ ಎಂಬುದೂ ನೆನಪಿರಲಿ. ಕಣ್ಣು ಮಂಜಾಗುತ್ತಿರುವ ವಯಸ್ಸಿನವರಿಗೆ 1/350 ವಾಸಿ.

ಮೂರನೆಯದು ಅಚ್ಚಿನ ವಯಸ್ಸು. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಕಿಟ್ ತಯಾರಕರು ದಶಕಗಳ ಹಿಂದಿನ ಉಕ್ಕಿನ ಅಚ್ಚನ್ನೇ ಬಳಸಿ, ಹೊಸ ಚಿತ್ರವಿರುವ ಹೊಸ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ಮಾರುತ್ತಾರೆ, ಕೆಲವೊಮ್ಮೆ ಒಂದು ಕಂಪನಿಯ ಅಚ್ಚು ಇನ್ನೊಂದು ಕಂಪನಿಯ ಹೆಸರಿನಲ್ಲಿ ಬರುತ್ತದೆ. ಫ್ಲವರ್ ವರ್ಗದ ಕಾರ್ವೆಟ್ ಎಂಬ ಸಣ್ಣ ಕಾವಲು ನೌಕೆಯ 1/72 ಕಿಟ್ ಮೊದಲು ಮ್ಯಾಚ್‌ಬಾಕ್ಸ್‌ನದಾಗಿತ್ತು, ಆಮೇಲೆ ರೆವೆಲ್‌ನದಾಯಿತು. 1/350 ಯಮಾಟೊಗೆ ತಮಿಯಾ 2011ರಲ್ಲಿ ಪೂರ್ತಿ ಹೊಸ ಅಚ್ಚು ಮಾಡಿತು, ಆದರೆ ಅದೇ ಕಂಪನಿಯ ಹಳೆಯ ಅಚ್ಚಿನ ಪೆಟ್ಟಿಗೆಗಳು ಇನ್ನೂ ಕೈ ಬದಲಾಗುತ್ತಿವೆ. ಹಳೆಯ ಅಚ್ಚೆಂದರೆ ಕೆಟ್ಟದ್ದೆಂದಲ್ಲ. ಭಾಗಗಳ ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಅಂಟಿಕೊಂಡಿರುತ್ತದೆ, ಫಿರಂಗಿಗಳು ದಪ್ಪವಾಗಿರುತ್ತವೆ, ಉಜ್ಜುವ ಕೆಲಸ ಹೆಚ್ಚು, ಬೆಲೆ ಕಡಿಮೆ. ಹೊಸದರ ಬೆಲೆ ತೆತ್ತು ಹಳೆಯದನ್ನು ಪಡೆಯುವುದಷ್ಟೇ ತಪ್ಪು. ಸ್ಕೇಲ್‌ಮೇಟ್ಸ್ ಎಂಬ ಜಾಲತಾಣದಲ್ಲಿ ಕಿಟ್‌ನ ಸಂಖ್ಯೆಯನ್ನು ಹಾಕಿದರೆ ಅದರ ಅಚ್ಚಿನ ವಂಶಾವಳಿಯೇ ಸಿಗುತ್ತದೆ.

ಮೊದಲ ಬಾರಿಗೆ ಕಟ್ಟುವವರು ಯುದ್ಧನೌಕೆಗಳ ಮಹಾರಾಜರ ತಂಟೆಗೆ ಹೋಗದಿರುವುದು ಲೇಸು. ಜರ್ಮನಿಯ ಏಳು-ಸಿ ಮಾದರಿಯ ಯು-ಬೋಟ್ ಜಲಾಂತರ್ಗಾಮಿ 1/350ರಲ್ಲಿ 19 ಸೆಂ.ಮೀ. ಮಾತ್ರ, ಭಾಗಗಳೂ ಕಡಿಮೆ. ಅದಾದ ಮೇಲೆ ಅಮೆರಿಕದ ಫ್ಲೆಚರ್ ವರ್ಗದ ಡೆಸ್ಟ್ರಾಯರ್ ಒಳ್ಳೆಯ ಎರಡನೆಯ ಮೆಟ್ಟಿಲು. ತಮಿಯಾದ 1/350 ಕಿಟ್ ಸುಮಾರು 33 ಸೆಂ.ಮೀ. ಉದ್ದವಿದ್ದು, ಯಾವ ಕಪಾಟಿನಲ್ಲಾದರೂ ಹಿಡಿಯುತ್ತದೆ. ಹಿತ್ತಾಳೆಯ ತೆಳು ಹಾಳೆಯಲ್ಲಿ ಬರುವ ಕಟಾಂಜನ, ಏಣಿಗಳ ಹೆಚ್ಚುವರಿ ಪಟ್ಟಿಯನ್ನು ಮೊದಲ ಹಡಗಿಗೆ ಕೊಳ್ಳಬೇಡಿ. ಅದರ ಬೆಲೆ ಕೆಲವೊಮ್ಮೆ ಕಿಟ್‌ನ ಬೆಲೆಯನ್ನೇ ಮೀರುತ್ತದೆ, ಮತ್ತು ಮಡಿಸುವಾಗ ಹಾರಿಹೋದ ಏಣಿ ನೆಲದ ಮೇಲೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ.

ಕೊಳ್ಳುವ ದಾರಿಗಳು ಎರಡು. ದೇಶದೊಳಗಿನ ಹವ್ಯಾಸಿ ಅಂಗಡಿಗಳಿಂದ ಅಂತರ್ಜಾಲದ ಮೂಲಕ ತರಿಸಿದರೆ ಬೆಲೆ ಹೆಚ್ಚೆನಿಸಿದರೂ ಕೊನೆಯ ಮೊತ್ತ ಮೊದಲೇ ತಿಳಿದಿರುತ್ತದೆ. ವಿದೇಶದಿಂದ ತರಿಸುವವರು ಸುಂಕವನ್ನು ಮರೆಯಬಾರದು: ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು, ಮಾದರಿ ಕಿಟ್‌ಗಳು ಬರುವುದೂ ಅದೇ ಶೀರ್ಷಿಕೆಯಡಿ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವುದಾದರೆ ಕಿಟ್ ಮಾತ್ರ ಹೇಳಿ; ಬೇಗ ಬೆಂಕಿ ಹಿಡಿಯುವ ಬಣ್ಣ, ತಿನ್ನರ್, ಅಂಟುಗಳನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.

ಪಾರ್ಸೆಲ್ ಬಂದ ದಿನವೇ, ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳುತ್ತ ತೆರೆಯಿರಿ. ಪರ ಊರಿನಿಂದ ತರಿಸಿದ್ದ ಒಂದು ಕಿಟ್‌ನಲ್ಲಿ ಫಿರಂಗಿ ಗೋಪುರವೊಂದು ಇರಲಿಲ್ಲ. ಅದು ನನಗೆ ತಿಳಿದದ್ದು ನಾಲ್ಕು ತಿಂಗಳ ನಂತರ, ಕೂರಿಸುವ ಹೊತ್ತಿಗೆ, ಆಗ ಮಾರಿದವರು ಕೈ ಎತ್ತಿದರು. ಸೂಚನಾ ಪತ್ರದಲ್ಲಿ ಭಾಗಗಳ ಚೌಕಟ್ಟುಗಳ ನಕ್ಷೆ ಇರುತ್ತದೆ. ಪ್ರತಿ ಚೌಕಟ್ಟನ್ನೂ ಅದರ ಪಕ್ಕದಲ್ಲಿಟ್ಟು ಸಂಖ್ಯೆಗಳನ್ನು ತಾಳೆ ನೋಡಿ. ಮಾದರಿಗೆ ಅಂಟಿಸುವ ಗುರುತು, ಅಂಕಿಗಳಿರುವ ಡೆಕಲ್ ಹಾಳೆ ಹಳದಿಯಾಗಿದೆಯೇ ಎಂದು ಪರೀಕ್ಷಿಸಿ. ಕೊನೆಗೆ ಒಡಲನ್ನು ಸಮತಟ್ಟಾದ ಗಾಜಿನ ಮೇಲೆ ಇಟ್ಟು ತುದಿ ಎದ್ದಿದೆಯೇ ಗಮನಿಸಿ. ಅಲ್ಪಸ್ವಲ್ಪ ಬಾಗಿದ್ದರೆ, ಕುದಿಯದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಗಾಜಿನ ಮೇಲೆ ಒತ್ತಿ ಹಿಡಿದು ತಣಿಯಲು ಬಿಟ್ಟರೆ ನೆಟ್ಟಗಾಗುತ್ತದೆ. ತಿರುಚಿಕೊಂಡಿದ್ದರೆ ಮಾತ್ರ ಆ ಪ್ರಯತ್ನಕ್ಕೆ ಕೈ ಹಾಕದೆ, ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸುವ ಮೊದಲೇ ಹಿಂದಿರುಗಿಸಿ. ಒಂದು ಭಾಗ ಕತ್ತರಿಸಿದರೂ ಯಾವ ಅಂಗಡಿಯವರೂ ಅದನ್ನು ಮರಳಿ ಪಡೆಯುವುದಿಲ್ಲ.