ಪೆಟ್ಟಿಗೆ ತುಂಬುವಾಗಲೇ ಸಾಗಣೆಯ ಲೆಕ್ಕ

ಅಮೆರಿಕದ ಒಂದು ಅಣುಸ್ಥಾವರದಲ್ಲಿ, ಬಳಸಿದ ಇಂಧನವನ್ನು ತಣಿಸುವ ಕೊಳದಿಂದ ಉಕ್ಕಿನ ಕ್ಯಾನಿಸ್ಟರ್‌ಗೆ ಸಾಗಿಸುವ ತಂಡದಲ್ಲಿ ನಾನಿದ್ದೆ. ಯಾವ ಇಂಧನ ಕಂತೆ ಯಾವ ಗೂಡಿಗೆ ಎಂಬ ನಕ್ಷೆ ಬರೆಯುವುದು ನನ್ನ ಪಾಲಿನ ಕೆಲಸ. ಕ್ಯಾನಿಸ್ಟರ್ ಒಂದರಲ್ಲಿ 37 ಗೂಡುಗಳು. ಕೊಳದಲ್ಲಿ ವರ್ಷಗಟ್ಟಲೆ ತಣಿದಿದ್ದರೂ ಒಂದೊಂದು ಕಂತೆಯ ಬಿಸಿ ಒಂದೊಂದು ರೀತಿ. ಬಿಸಿಯಾದವನ್ನು ನಡುವೆ ಇಟ್ಟು ಹಳೆಯವನ್ನು ಸುತ್ತ ಜೋಡಿಸಿದರೆ, ಆ ಹಳೆಯವೇ ವಿಕಿರಣಕ್ಕೆ ಅಡ್ಡಗೋಡೆಯಾಗುತ್ತವೆ; ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ತಗಲುವ ಪ್ರಮಾಣ ಇಳಿಯುತ್ತದೆ.

ತುಂಬುವುದು ನೀರಿನಡಿಯಲ್ಲಿ. ಆಮೇಲೆ ಮುಚ್ಚಳ ಬೆಸೆದು, ನೀರು ಬಸಿದು, ನಿರ್ವಾತ ಪಂಪಿನಿಂದ ಒಣಗಿಸುತ್ತೇವೆ. ಒಳಗಿನ ಒತ್ತಡ 3 ಟಾರ್‌ಗೆ, ಅಂದರೆ ಬಹುತೇಕ ನಿರ್ವಾತಕ್ಕೆ, ಇಳಿಯಬೇಕು, ವಾಲ್ವ್ ಮುಚ್ಚಿದ ಮೇಲೂ ಅರ್ಧ ಗಂಟೆ ಅದನ್ನು ಮೀರಬಾರದು. ಏರಿದರೆ ಎಲ್ಲೋ ನೀರು ಉಳಿದಿದೆ ಎಂದರ್ಥ, ಮತ್ತೆ ಪಂಪು. (ಅವಸರಿಸುವ ಅಧಿಕಾರಿಗಳಿಗೆ ಈ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚುವುದು ಕ್ಷೇಮ.) ಕೊನೆಗೆ ಹೀಲಿಯಂ ತುಂಬಿ, ದಪ್ಪ ಕಾಂಕ್ರೀಟ್ ಪೆಟ್ಟಿಗೆಯೊಳಗೆ ಇಳಿಸುತ್ತೇವೆ. ಅಲ್ಲಿಗೆ ವಿದ್ಯುತ್ ಬೇಕಿಲ್ಲ; ಕೆಳಗಿನ ಕಿಂಡಿಯಿಂದ ಬಂದ ಗಾಳಿಯೇ ಬಿಸಿಯನ್ನು ಹೊತ್ತು ಮೇಲಿನಿಂದ ಹೊರಬೀಳುತ್ತದೆ. 2011ರಲ್ಲಿ ಫುಕುಶಿಮಾದ ಕೊಳಗಳ ಬಗ್ಗೆ ಜಗತ್ತೇ ಗಾಬರಿಗೊಂಡಿದ್ದಾಗ, ಅದೇ ಆವರಣದ 9 ಒಣ ಪೆಟ್ಟಿಗೆಗಳಲ್ಲಿದ್ದ ಇಂಧನಕ್ಕೆ ಸುನಾಮಿಯಿಂದ ಏನೂ ಆಗಲಿಲ್ಲ.

ಕಡಲಂಚಿನಲ್ಲಿ ಉಪ್ಪಿನಿಂದ ಬೆಸುಗೆಯಲ್ಲಿ ಬಿರುಕು ಬರುವ ಭಯ ಇದ್ದೇ ಇದೆ, ಅದಕ್ಕೆ ತಪಾಸಣೆಯೂ ಇದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಗಡುವೇ ಇಲ್ಲದ 'ತಾತ್ಕಾಲಿಕ' ಸಂಗ್ರಹ. 1982ರ ಕಾನೂನಿನಂತೆ 1998ರ ಜನವರಿ 31ರೊಳಗೆ ಕೇಂದ್ರ ಸರ್ಕಾರ ಈ ಇಂಧನವನ್ನು ಒಯ್ಯಲು ಶುರು ಮಾಡಬೇಕಿತ್ತು. ಅದನ್ನು ಶಾಶ್ವತವಾಗಿ ಹೂಳಲೆಂದು ಆರಿಸಿದ್ದ ನೆವಾಡಾದ ಯಕ್ಕಾ ಬೆಟ್ಟದ ಯೋಜನೆ ನಿಂತುಹೋಯಿತು. ಸರ್ಕಾರ ಮಾತು ತಪ್ಪಿದ್ದಕ್ಕೆ ಕಂಪನಿಗಳಿಗೆ ಪರಿಹಾರ ತೆರಿಗೆದಾರರ ಹಣದಿಂದ ಹೋಗುತ್ತಿದೆ. ಟೆಕ್ಸಾಸ್‌ನ ಆಂಡ್ರ್ಯೂಸ್ ಕೌಂಟಿಯ ಖಾಸಗಿ ಸಂಗ್ರಹಾಗಾರಕ್ಕೆ 2021ರಲ್ಲಿ ಪರವಾನಗಿ ಸಿಕ್ಕಿತು, ಟೆಕ್ಸಾಸ್ ಸರ್ಕಾರ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. ರಾಜ್ಯಕ್ಕೆ ಹಾಗೆ ಪ್ರಶ್ನಿಸುವ ಅರ್ಹತೆಯಿಲ್ಲ ಎಂದು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಬೇಡ ಎನ್ನುವ ಊರನ್ನು ತೀರ್ಪೊಂದು ಒಪ್ಪಿಸಲಾರದು.

ನಾಳೆಯೇ ಜಾಗ ಸಿಕ್ಕಿತೆನ್ನಿ. ಆಗಲೂ ಹಲವು ಪೆಟ್ಟಿಗೆಗಳು ಹೊರಡಲಾರವು. ಸಂಗ್ರಹಕ್ಕೆ ಅನುಮತಿಸಿದ ಬಿಸಿ ಹೆಚ್ಚು, ಸಾಗಣೆಗೆ ಅನುಮತಿಸಿದ್ದು ಕಡಿಮೆ. ಗರಿಷ್ಠ ಮಿತಿಗೆ ತುಂಬಿದರೆ ಕೊಳ ಬೇಗ ಖಾಲಿ, ಪೆಟ್ಟಿಗೆ ಮಾತ್ರ ಇನ್ನೂ ಎಷ್ಟೋ ವರ್ಷ ತಣಿಯುತ್ತಾ ಕೂರಬೇಕು. ಹೀಗಾಗಿ ನಾನು ಎರಡು ನಕ್ಷೆ ಕೊಡುತ್ತಿದ್ದೆ: ಒಂದು ಕೊಳ ಬೇಗ ಬರಿದಾಗಲು, ಇನ್ನೊಂದು ಪೆಟ್ಟಿಗೆ ಬೇಗ ರೈಲು ಹತ್ತಲು. ಎರಡನೆಯದಕ್ಕೆ ಖರ್ಚು ಜಾಸ್ತಿ, ಒಪ್ಪಿಗೆ ಸಿಕ್ಕದ್ದು ಅಪರೂಪ. ಸಾಗಣೆಗೆ ಯಾವ ವರ್ಷ ಅರ್ಹವಾಗುತ್ತದೆ ಎಂಬುದನ್ನು ಪ್ರತಿ ಪೆಟ್ಟಿಗೆಯ ದಾಖಲೆಯಲ್ಲಿ ಬರೆಯಲೇಬೇಕು ಎಂದು ಮಾತ್ರ ಪಟ್ಟು ಹಿಡಿದೆ. ಆ ಕಾಲಂ ಈಗ ಅಲ್ಲಿದೆ.