ಅಳತೆ ಕೆಡದಂತೆ ಕ್ಯಾಡ್ ನಕ್ಷೆಯನ್ನು ಪಿಡಿಎಫ್ ಮಾಡುವುದು ಹೇಗೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆ ಹತ್ತು ಸೆಂಟ್ಸು ಜಾಗದಲ್ಲಿ ಮನೆ ಕಟ್ಟಲು ಹೊರಟವರಾಗಲಿ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಳಿದ ಸಮಿತಿಯವರಾಗಲಿ, ನಕ್ಷೆಯನ್ನು ಈಗ ಮೊದಲು ನೋಡುವುದು ಮೊಬೈಲಿನಲ್ಲಿ. ಸಮಿತಿಯ ಒಬ್ಬ ಸದಸ್ಯರು ಮುಂಬಯಿಯಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿ ಇರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಅವರಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ (ಕ್ಯಾಡ್) ತಂತ್ರಾಂಶವಾದ ಆಟೋಕ್ಯಾಡ್ ಇರುವುದಿಲ್ಲವಾದ್ದರಿಂದ ಅದರ ಡಿಡಬ್ಲ್ಯುಜಿ ಕಡತವನ್ನು ಹಾಗೆಯೇ ಕಳಿಸಿದರೆ ಅದು ತೆರೆದುಕೊಳ್ಳುವುದಿಲ್ಲ. ಪರದೆಯ ಫೋಟೊ ತೆಗೆದು ಕಳಿಸಿದರೆ ಅಂಕೆಗಳನ್ನು ಓದಲಾಗುವುದಿಲ್ಲ. 1993ರಲ್ಲಿ ಅಡೋಬಿ ಸಂಸ್ಥೆ ಹೊರತಂದ, 2008ರಲ್ಲಿ ಐಎಸ್‌ಒ ಮಾನಕವಾದ ಪಿಡಿಎಫ್ ಈ ಎರಡು ತೊಡಕುಗಳನ್ನೂ ನಿವಾರಿಸುತ್ತದೆ. ಗೆರೆಯನ್ನು ಅದು ಚುಕ್ಕೆಗಳ ಚಿತ್ರವಾಗಿ ಅಲ್ಲ, ಗೆರೆಯಾಗಿಯೇ ಇಟ್ಟುಕೊಳ್ಳುವುದರಿಂದ ಎಷ್ಟು ಹಿಗ್ಗಿಸಿ ನೋಡಿದರೂ ಮಸುಕಾಗುವುದಿಲ್ಲ. ಜೊತೆಗೆ ಕಾಗದದ ಗಾತ್ರವೂ ಕಡತದಲ್ಲಿಯೇ ದಾಖಲಾಗಿರುತ್ತದೆ. ಈ ಎರಡನೆಯ ಗುಣವನ್ನು ಕಡೆಗಣಿಸುವುದರಿಂದಲೇ ನೋಡಲು ಚೆನ್ನಾಗಿದ್ದರೂ ಅಳೆಯಲು ಬಾರದ ಪಿಡಿಎಫ್‌ಗಳು ಹುಟ್ಟಿಕೊಳ್ಳುತ್ತವೆ.

ಇಲ್ಲಿ ಹೇಳಿರುವ ಕ್ರಮ ಆಟೋಕ್ಯಾಡಿನದು. ಬ್ರಿಕ್ಸ್‌ಕ್ಯಾಡ್, ಜಡ್‌ಡಬ್ಲ್ಯುಕ್ಯಾಡ್ ಮುಂತಾದವುಗಳಲ್ಲಿಯೂ ಹೆಸರುಗಳು ತುಸು ಬದಲಾಗುತ್ತವೆಯೇ ಹೊರತು ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಕಾಗದ, ಆಮೇಲೆ ಸ್ಕೇಲ್

ನಕ್ಷೆ ಬಿಡಿಸುವ ಮಾಡೆಲ್ ಪುಟದಿಂದಲೇ ವಿಂಡೋ ಆಯ್ದು ಪಿಡಿಎಫ್ ಮಾಡುವ ರೂಢಿ ಬಹಳ ಕಡೆ ಇದೆ. ಅದನ್ನು ಬಿಟ್ಟು, ಅಚ್ಚಿನ ಹಾಳೆಯನ್ನು ಜೋಡಿಸುವ, ಕೆಳಗಿರುವ ಲೇಔಟ್ ಪುಟಕ್ಕೆ ಹೋಗುವುದು ಲೇಸು. ಪೇಜ್ ಸೆಟಪ್‌ನಲ್ಲಿ ಪ್ರಿಂಟರ್ ಹೆಸರಾಗಿ ‘ಡಿಡಬ್ಲ್ಯುಜಿ ಟು ಪಿಡಿಎಫ್’ ಆರಿಸಿ, ಕಾಗದ ನಿಶ್ಚಯಿಸಬೇಕು. 12 ಮೀಟರ್ ಉದ್ದ, 9 ಮೀಟರ್ ಅಗಲದ ಮನೆ 1:100 ಸ್ಕೇಲಿನಲ್ಲಿ ಕಾಗದದ ಮೇಲೆ 12 ಸೆಂಟಿಮೀಟರಿಗೆ 9 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ತಳಪ್ಲಾನ್ ಒಂದೇ ಆದರೆ ಎ4 ಸಾಕು. ಎಲಿವೇಶನ್, ಸೆಕ್ಷನ್, ಸೈಟ್ ಪ್ಲಾನ್ ಎಲ್ಲವೂ ಒಂದೇ ಹಾಳೆಯಲ್ಲಿ ಬೇಕಾದರೆ 297ಕ್ಕೆ 420 ಮಿಲಿಮೀಟರಿನ ಎ3 ಬೇಕು. ಕಾಗದದ ಪಟ್ಟಿಯಲ್ಲಿ ಒಂದೇ ಗಾತ್ರ ‘ಫುಲ್ ಬ್ಲೀಡ್’ (ಅಂಚು ಬಿಡದ್ದು) ಎಂದೂ, ಅದಿಲ್ಲದೆಯೂ ಬರುತ್ತದೆ. ಫುಲ್ ಬ್ಲೀಡ್ ಆರಿಸಿ, ಆದರೆ ನಕ್ಷೆಯ ಚೌಕಟ್ಟನ್ನು ಅಂಚಿನಿಂದ 10 ಮಿಲಿಮೀಟರ್ ಒಳಗೆ ಇಡಿ. ಜೆರಾಕ್ಸ್ ಅಂಗಡಿಗಳ ಯಂತ್ರಗಳು ಹಾಳೆಯ ಅಂಚಿನವರೆಗೆ ಅಚ್ಚೊತ್ತುವುದಿಲ್ಲ.

ಲೇಔಟಿನಲ್ಲಿ ವ್ಯೂಪೋರ್ಟ್, ಅಂದರೆ ಮಾಡೆಲ್ ಪುಟದ ನಕ್ಷೆ ಕಾಣುವ ಚೌಕ, ತೆರೆದು ಸ್ಕೇಲ್ ಕೊಡುವಾಗ ಹೆಚ್ಚಿನವರು ಎಡವುತ್ತಾರೆ. ಲೇಔಟಿನ ಕಾಗದ ಮಿಲಿಮೀಟರಿನಲ್ಲಿರುತ್ತದೆ, ನಕ್ಷೆ ಯಾವ ಮಾನದಲ್ಲಿದೆ ಎಂಬುದು ಬಿಡಿಸಿದವರ ರೂಢಿಗೆ ಬಿಟ್ಟದ್ದು. ನಕ್ಷೆ ಮಿಲಿಮೀಟರಿನಲ್ಲಿದ್ದರೆ ಪಟ್ಟಿಯಿಂದ ನೇರವಾಗಿ 1:100 ಆರಿಸಬಹುದು. ಸೆಂಟಿಮೀಟರಿನಲ್ಲಿ ಬಿಡಿಸಿದ್ದರೆ ಅದೇ 1:100 ಬರಲು ವ್ಯೂಪೋರ್ಟಿನ ಕಸ್ಟಮ್ ಸ್ಕೇಲ್ 0.1 ಆಗಿರಬೇಕು, ಮೀಟರಿನಲ್ಲಿ ಬಿಡಿಸಿದ್ದರೆ 10 ಆಗಿರಬೇಕು. ಕಾಗದದ ಮೇಲಿನ ಒಂದು ಸೆಂಟಿಮೀಟರ್, ಅಂದರೆ 10 ಮಿಲಿಮೀಟರ್, ನೆಲದ ಮೇಲಿನ ಒಂದು ಮೀಟರಿಗೆ ಸಮ ಎಂಬುದನ್ನು ನೆನಪಿಟ್ಟರೆ ಈ ಲೆಕ್ಕ ಬಾಯಿಪಾಠ ಮಾಡಬೇಕಾಗಿಲ್ಲ. ಸ್ಕೇಲ್ ಕೊಟ್ಟ ಕೂಡಲೇ ವ್ಯೂಪೋರ್ಟನ್ನು ಲಾಕ್ ಮಾಡಿ. ಅದರೊಳಗಿರುವಾಗ ಮೌಸಿನ ಚಕ್ರ ಒಮ್ಮೆ ತಿರುಗಿದರೂ ಸ್ಕೇಲ್ ಹೋಗುತ್ತದೆ, ಹೋದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ.

ಪ್ಲಾಟ್ ಮಾಡುವಾಗ

ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ಲಾಟ್ (ಅಚ್ಚಿನ) ಕಿಟಕಿ ತೆರೆಯುತ್ತದೆ. ಪ್ಲಾಟ್ ಏರಿಯಾ ‘ಲೇಔಟ್’, ಸ್ಕೇಲ್ 1:1 ಆಗಿರಲಿ. ಮನೆಯ ಸ್ಕೇಲನ್ನು ವ್ಯೂಪೋರ್ಟಿನಲ್ಲಿ ಕೊಟ್ಟಾಗಿದೆ, ಇಲ್ಲಿ ಮತ್ತೊಮ್ಮೆ ಕೊಡಬಾರದು. ಪ್ಲಾಟ್ ಸ್ಟೈಲಿನಲ್ಲಿ ‘ಮೋನೋಕ್ರೋಮ್’ ಆರಿಸಿದರೆ ಎಲ್ಲ ಬಣ್ಣದ ಗೆರೆಗಳೂ ಕಪ್ಪಾಗಿ ಬರುತ್ತವೆ. ಇದನ್ನು ಮರೆತರೆ ಕಪ್ಪು ಪರದೆಯಲ್ಲಿ ಎದ್ದು ಕಾಣುತ್ತಿದ್ದ ಹಳದಿ ಗೆರೆ ಬಿಳಿ ಹಾಳೆಯಲ್ಲಿ ಕಂಡೂ ಕಾಣದಂತಾಗುತ್ತದೆ. ಗೆರೆಯ ದಪ್ಪವೂ ಮುಖ್ಯ: ಗೋಡೆಗೆ 0.35 ಅಥವಾ 0.5 ಮಿಲಿಮೀಟರ್, ಅಳತೆಯ ಗೆರೆಗೆ 0.13 ಅಥವಾ 0.18 ಇಟ್ಟರೆ ಗೋಡೆ ಯಾವುದು, ಅಳತೆ ಯಾವುದು ಎಂದು ಮೇಸ್ತ್ರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಕೆಂಪುಕಲ್ಲಿನ ಗೋಡೆಯೊಳಗೆ ಒತ್ತೊತ್ತಾಗಿ ಹ್ಯಾಚ್ (ಸಣ್ಣ ಗೆರೆಗಳ ವಿನ್ಯಾಸ) ತುಂಬುವ ಆಸೆ ಕೆಲವರಿಗಿದೆ. ಕಾಂಕ್ರೀಟಿನ ಚುಕ್ಕೆ-ತ್ರಿಕೋನಗಳ ಹ್ಯಾಚ್ ಇನ್ನೂ ಭಾರ. ಅವುಗಳಲ್ಲಿನ ಒಂದೊಂದು ತುಣುಕು ಗೆರೆಯೂ ಪಿಡಿಎಫ್ ಒಳಗೆ ಸೇರುವುದರಿಂದ ಸಾಧಾರಣ ಮೊಬೈಲಿನಲ್ಲಿ ನಕ್ಷೆ ಸರಿಸುವಾಗ ಪರದೆ ತಡೆತಡೆದು ಚಲಿಸುತ್ತದೆ. ಗೋಡೆಗೆ ತಿಳಿಬೂದು ಬಣ್ಣ ತುಂಬಿದರೆ ಕೆಲಸ ಮುಗಿಯಿತು. ಮೋನೋಕ್ರೋಮ್ ಅದನ್ನೂ ಕಪ್ಪು ಮಾಡದಂತೆ ಆ ಬೂದನ್ನು ಸಂಖ್ಯೆಯ ಬಣ್ಣದ ಪಟ್ಟಿಯಿಂದಲ್ಲ, ಟ್ರೂ ಕಲರ್ ಆಗಿ ಕೊಡಬೇಕು. ಹಾಳೆಗಳು ಹಲವಿದ್ದರೆ ಒಂದೊಂದನ್ನೇ ಪ್ಲಾಟ್ ಮಾಡಿ ಅಂಟಿಸುವ ಬದಲು ‘ಪಬ್ಲಿಶ್’ ಆದೇಶದಿಂದ ಎಲ್ಲ ಲೇಔಟುಗಳನ್ನೂ ಒಂದೇ ಕಡತವಾಗಿ ಪಡೆಯಬಹುದು.

ಕನ್ನಡ, ಮಲಯಾಳ ಅಕ್ಷರಗಳ ವಿಚಾರ

ಗಡಿನಾಡಿನ ನಕ್ಷೆಗಳಲ್ಲಿ ಈ ತೊಡಕು ವಿಶೇಷವಾದದ್ದು. ಮಾಲಕರ ಹೆಸರು ಕನ್ನಡದಲ್ಲಿ, ಕಚೇರಿಗೆ ಬೇಕಾದ ವಿವರ ಮಲಯಾಳದಲ್ಲಿ, ಸರ್ವೆ ನಂಬ್ರ ಇಂಗ್ಲಿಷ್ ಅಂಕೆಗಳಲ್ಲಿ ಹೀಗೆ ಒಂದೇ ಚೌಕದಲ್ಲಿ ಮೂರು ಲಿಪಿಗಳು ಬರುವುದುಂಟು. ಆಟೋಕ್ಯಾಡಿನ ಸಿಂಪ್ಲೆಕ್ಸ್, ರೋಮನ್ಸ್ ಮೊದಲಾದ ಎಸ್‌ಎಚ್‌ಎಕ್ಸ್ ಅಕ್ಷರಶೈಲಿಗಳಲ್ಲಿ ನಮ್ಮ ಲಿಪಿಗಳಿಲ್ಲ. ಕನ್ನಡ ಟೈಪಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದರೆ ಪಿಡಿಎಫ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರಲ್ಲಿ ಹೆಸರು ಹುಡುಕಿದರೆ ಸಿಗದು, ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ವಿಂಡೋಸಿನಲ್ಲಿ ಬರುವ ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟಿನಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಟೆಕ್ಸ್ಟ್ ಸ್ಟೈಲಿಗೆ ಅದನ್ನೇ ಕೊಟ್ಟರೆ ಎರಡು ಫಾಂಟುಗಳ ಗೊಡವೆ ಇರುವುದಿಲ್ಲ.

ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ‘ಶ್ರೀ ಕ್ಷೇತ್ರ’, ‘ತೀರ್ಥಮಂಟಪ’ ಇಂಥ ಪದಗಳಲ್ಲಿ ಅರ್ಕಾವತ್ತೋ ಒತ್ತೋ ಬಿಡಿಬಿಡಿಯಾಗಿ ನಿಂತಿದ್ದರೆ ಒಂಟಿ ಸಾಲಿನ ಟೆಕ್ಸ್ಟಿನ ಬದಲು ಎಂಟೆಕ್ಸ್ಟ್ (ಹಲವು ಸಾಲಿನ ಟೆಕ್ಸ್ಟ್) ಆಗಿ ಬರೆದು ನೋಡಿ. ಪ್ಲಾಟ್ ಕಿಟಕಿಯ ಪಿಡಿಎಫ್ ಆಯ್ಕೆಗಳಲ್ಲಿ ಫಾಂಟನ್ನು ಕಡತದೊಳಗೆ ಸೇರಿಸುವ ಆಯ್ಕೆಗೆ ಗುರುತು ಹಾಕಿರಲಿ. ಎಲ್ಲ ಅಕ್ಷರಗಳನ್ನೂ ಆಕೃತಿಗಳಾಗಿ ಮಾರ್ಪಡಿಸುವ ಆಯ್ಕೆಯೂ ಅಲ್ಲೇ ಇದೆ. ಅದನ್ನು ಬಳಸಿದರೆ ಹುಡುಕುವ ಅನುಕೂಲ ಹೋಗುತ್ತದೆ, ಆದ್ದರಿಂದ ಬೇರೆ ದಾರಿ ಇಲ್ಲದಾಗ ಮಾತ್ರ ಬಳಸುವುದು ಒಳ್ಳೆಯದು.

ಆಟೋಕ್ಯಾಡ್ ಇಲ್ಲದವರಿಗೆ

ಬೇರೆಯವರು ಕಳಿಸಿದ ಡಿಡಬ್ಲ್ಯುಜಿಯನ್ನು ಪಿಡಿಎಫ್ ಮಾಡುವುದಷ್ಟೇ ಕೆಲಸವಾದರೆ ಆಟೋಡೆಸ್ಕ್ ಉಚಿತವಾಗಿ ಕೊಡುವ ಡಿಡಬ್ಲ್ಯುಜಿ ಟ್ರೂವ್ಯೂ ಸಾಕು. ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಕ್ಯಾಡ್ ಕಡತಕ್ಕೆ ಉಚಿತ ತಂತ್ರಾಂಶ ಲಿಬ್ರೆಕ್ಯಾಡ್ ಆಗುತ್ತದೆ. ಆನ್‌ಲೈನಿನಲ್ಲಿ ಕಡತ ಹಾಕಿದರೆ ಪಿಡಿಎಫ್ ಕೊಡುವ ತಾಣಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಮನೆಯವರ ಹೆಸರು, ಸರ್ವೆ ನಂಬ್ರ, ಕೋಣೆಗಳ ವಿನ್ಯಾಸ ಎಲ್ಲವೂ ಪರಿಚಯವಿಲ್ಲದ ಸರ್ವರಿಗೆ ಹೋಗುತ್ತವೆ. ಅಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರವೂ ಕೆಡುತ್ತದೆ.

ಪಿಡಿಎಫ್ ಮಾಡಿದರೆ ನಕ್ಷೆಯನ್ನು ಯಾರೂ ತಿದ್ದಲಾರರು ಎಂಬ ನಂಬಿಕೆ ಮಾತ್ರ ಸರಿಯಲ್ಲ. 2017ರ ಆವೃತ್ತಿಯಿಂದ ಆಟೋಕ್ಯಾಡಿನಲ್ಲಿ ಪಿಡಿಎಫ್‌ನ ಗೆರೆಗಳನ್ನು ಮರಳಿ ಕ್ಯಾಡ್ ಗೆರೆಗಳಾಗಿ ತರುವ ‘ಪಿಡಿಎಫ್ ಇಂಪೋರ್ಟ್’ ಇದೆ. ಕೊನೆಯಪಕ್ಷ ಲೇಯರುಗಳ (ಗೋಡೆ, ಅಳತೆ ಮುಂತಾದವನ್ನು ಬೇರೆಬೇರೆಯಾಗಿಡುವ ಪದರಗಳ) ವಿವರ ಸೇರಿಸುವ ಆಯ್ಕೆಯ ಗುರುತನ್ನು ತೆಗೆದರೆ ನಿಮ್ಮ ಲೇಯರುಗಳು ಹೊರಗೆ ಹೋಗುವುದಿಲ್ಲ.

ಕಳಿಸುವ ಮೊದಲು

ಒಂದು ಹಾಳೆಯನ್ನು ಅಚ್ಚು ಹಾಕಿಸಿ ಸ್ಕೇಲ್‌ಪಟ್ಟಿ ಇಟ್ಟು ನೋಡಿ: 1:100 ನಕ್ಷೆಯಲ್ಲಿ 3 ಮೀಟರಿನ ಕೋಣೆ ಸರಿಯಾಗಿ 3 ಸೆಂಟಿಮೀಟರ್ ಇರಬೇಕು. ಮುದ್ರಿಸುವಾಗ ‘ಫಿಟ್’ ಬಿಟ್ಟು ‘ಆಕ್ಚುವಲ್ ಸೈಜ್’ ಆರಿಸುವಂತೆ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು. ಎ3 ನಕ್ಷೆಯನ್ನು ಎ4ಗೆ ಇಳಿಸಿದರೆ ಆ ಕೋಣೆ ಸುಮಾರು 2.1 ಸೆಂಟಿಮೀಟರಿಗೆ ಕುಗ್ಗುತ್ತದೆ, ಆದರೆ ಕೆಳಗೆ ಬರೆದ 1:100 ಹಾಗೆಯೇ ಉಳಿಯುತ್ತದೆ. ಆದ್ದರಿಂದ ಅಂಕೆಯ ಜೊತೆಗೆ ಮೀಟರುಗಳನ್ನು ಗುರುತಿಸಿದ ಒಂದು ಅಳತೆಪಟ್ಟಿಯನ್ನೂ ಹಾಳೆಯಲ್ಲಿ ಬಿಡಿಸಿಡಿ. ನಕ್ಷೆ ಕುಗ್ಗಿದರೆ ಅದೂ ಅಷ್ಟೇ ಕುಗ್ಗುತ್ತದೆ.

ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು. ಕಡತದ ಹೆಸರಿನಲ್ಲಿ ತಾರೀಕು ಮತ್ತು ತಿದ್ದುಪಡಿಯ ಸಂಖ್ಯೆ ಇಲ್ಲದಿದ್ದರೆ ಸಮಿತಿಯ ಗುಂಪಿನಲ್ಲಿ ಹಳೆಯ ನಕ್ಷೆಯ ಮೇಲೆಯೇ ಚರ್ಚೆ ಮುಂದುವರಿಯುತ್ತದೆ. ಕಟ್ಟಡ ಪರವಾನಿಗೆಗೆ ಆನ್‌ಲೈನ್ ಅರ್ಜಿ ಹಾಕುವವರು ಪೋರ್ಟಲ್ ಕೇಳುವ ರೂಪ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ಪಿಡಿಎಫ್ ಕೈಗೆ ಬಂತೆಂದು ಮೂಲ ಡಿಡಬ್ಲ್ಯುಜಿಯನ್ನು ಅಳಿಸಬಾರದು. ಕಿಟಕಿಯೊಂದನ್ನು ಅರ್ಧ ಅಡಿ ಸರಿಸಬೇಕೆಂದು ಮನೆಯವರು ಹೇಳಿದ ದಿನ ಅದೇ ಬೇಕಾಗುತ್ತದೆ.